ಲೆಕ್ಕ ಕೇಳುವ ಜೊತೆಗಾರರು

ಬಸ್ಸಲ್ಲಿ ಕೂತು ಕೇಳ್ತಿರಬಹುದು, ಇಲ್ಲಾ ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ಕೇಳ್ತಿರಬಹುದು. ನಿಂತು ಅಂತಲೇ ಹೇಳ್ತೀನಿ, ಸಂಜೆ ಆರರ ಮೇಲೆ ಅಲ್ಲಿ ಗಾಡಿ ಓಡಿಸೋದು ಅನ್ನೋ ಮಾತೇ ಇಲ್ಲವಲ್ಲ.

ಸಾಮಾನ್ಯವಾಗಿ ಇಲ್ಲಿ ಇಎಂಐ, ಬಾಡಿಗೆ, ಮೊದಲ ಸಂಬಳ, ಇಂಥದ್ದೇ ಮಾತಾಡ್ತೀವಿ. ಇವತ್ತು ಸ್ವಲ್ಪ ಬೇರೆ. ನಾನು ಕ್ರೈಸ್ತ ಮನೆಯಲ್ಲಿ ಬೆಳೆದವ್ಳು, ಈಗಲೂ ಭಾನುವಾರ ಸಭೆಗೆ ಹೋಗ್ತೀನಿ. ಅದನ್ನ ಇಲ್ಲಿ ಜಾಸ್ತಿ ಹೇಳಿಲ್ಲ ಅಷ್ಟೇ. ಹೋದ ತಿಂಗಳು ಆರ್.ಟಿ. ನಗರದ ಒಂದು ದರ್ಶಿನಿಯಲ್ಲಿ ಇಬ್ಬರು ಗೆಳೆಯರು ಸಿಕ್ಕಿದ್ರು. ಕಾಫಿ ತಣ್ಣಗಾಗೋ ತನಕ ಸುತ್ತಿ ಬಳಸಿ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದ್ರು. ಯಲಹಂಕ ಕಡೆ ಕಟ್ಟಡ ಕೆಲಸಕ್ಕೆ ಬರೋ ಕುಟುಂಬಗಳ ಮಕ್ಕಳಿಗೆ ಸಂಜೆ ಪಾಠ ಹೇಳೋ ಒಂದು ಸೇವೆ ಶುರು ಮಾಡ್ತಿದ್ದಾರೆ. ಟ್ರಸ್ಟ್ ಮಾಡ್ತಾರಂತೆ. ‘ನೀನು ಬಿ.ಕಾಂ. ಅಲ್ವಾ, ಖಜಾಂಚಿ ಆಗು’ ಅಂದ್ರು.

ಒಂದು ವಾರ ಟೈಮ್ ಕೊಡಿ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯ್ತು. ಒಳ್ಳೇ ಕೆಲಸಕ್ಕೆ ಯೋಚನೆ ಮಾಡೋದೇನಿದೆ ಅಂತ ಮುಖದಲ್ಲೇ ಕಾಣ್ತಿತ್ತು. ಆದ್ರೆ ನಾನು ಒಂದು ಸಲ ಯೋಚನೆ ಮಾಡದೆ ಹೂಂ ಅಂದಿದ್ದೆ. ಆ ಕಥೆ ಮೊದಲು ಹೇಳ್ತೀನಿ. ಅದರಲ್ಲಿ ಬರೋರ ಒಪ್ಪಿಗೆ ತಗೊಂಡಿದ್ದೀನಿ. ಹೆಸರು ಹೇಳಲ್ಲ, ಯಾವ ಸಭೆ ಅಂತಲೂ ಹೇಳಲ್ಲ.

2021ರ ಮೇ. ಎರಡನೇ ಅಲೆ. ಏಪ್ರಿಲ್ 27ರಿಂದಲೇ ಊರು ಮುಚ್ಚಿತ್ತು, ಬೆಳಿಗ್ಗೆ ಆರರಿಂದ ಹತ್ತರ ತನಕ ಮಾತ್ರ ದಿನಸಿ ಅಂಗಡಿ. ಕೂಲಿ ಇಲ್ಲದ ಮನೆಗಳಲ್ಲಿ ಏನಾಗ್ತಿದೆ ಅಂತ ನಮ್ಮೆಲ್ಲರಿಗೂ ಗೊತ್ತಿತ್ತು. ನಮ್ಮ ಯೌವನಸ್ಥರ ಕೂಟದಲ್ಲಿ ಹನ್ನೊಂದು ಜನ ಇದ್ವಿ. ದಿನಸಿ ಕಿಟ್ ಕೊಡೋಣ ಅಂತ ತೀರ್ಮಾನ ಆಯ್ತು. ಹತ್ತು ಕೆ.ಜಿ. ಅಕ್ಕಿ, ಐದು ಕೆ.ಜಿ. ಗೋಧಿಹಿಟ್ಟು, ಎರಡು ಕೆ.ಜಿ. ತೊಗರಿಬೇಳೆ, ಒಂದು ಲೀಟರ್ ಎಣ್ಣೆ, ಸಕ್ಕರೆ, ಟೀಪುಡಿ, ಉಪ್ಪು, ಸೋಪು. ಯಶವಂತಪುರ ಯಾರ್ಡಿನಲ್ಲಿ ಮೂಟೆ ಲೆಕ್ಕದಲ್ಲಿ ತಗೊಂಡ್ರೆ ಒಂದು ಕಿಟ್‌ಗೆ 1,150 ರೂಪಾಯಿ ಬೀಳ್ತಿತ್ತು.

ನಮ್ಮ ಕೂಟ ನಡೆಸ್ತಿದ್ದವರನ್ನ ಎಲ್ಲರೂ ಅಣ್ಣ ಅಂತಿದ್ವಿ. ನನಗಿಂತ ನಾಲ್ಕು ವರ್ಷ ದೊಡ್ಡವರು. ಗಿಟಾರ್ ಹಿಡಿದು ಹಾಡಿದ್ರೆ ಹಿಂದಿನ ಬೆಂಚಲ್ಲಿ ಮೊಬೈಲ್ ನೋಡ್ತಿದ್ದವರೂ ಎದ್ದು ನಿಲ್ಲೋರು. ಯಾರ ಮನೆಯಲ್ಲಿ ಸಾವಾದ್ರೂ ಮೊದಲು ಹೋಗೋದು ಅವರೇ. ಸಭೆಯ ಬ್ಯಾಂಕ್ ಖಾತೆಗೆ ಹಿರಿಯರು ಇಬ್ಬರ ಸಹಿ ಬೇಕಿತ್ತು, ಒಬ್ಬರಿಗೆ ಕೋವಿಡ್, ಇನ್ನೊಬ್ಬರು ಊರಲ್ಲಿ ಸಿಕ್ಕಿಹಾಕಿಕೊಂಡಿದ್ರು. ಹಾಗಾಗಿ ಅಣ್ಣನ ಯುಪಿಐ ನಂಬರನ್ನೇ ಪೋಸ್ಟರ್ ಮೇಲೆ ಹಾಕಿದ್ವಿ. ಲೆಕ್ಕ ನೋಡ್ಕೊಳ್ಳೋಕೆ ನಾನು. ಒಂದು ಎಕ್ಸೆಲ್ ಶೀಟ್ ಮಾಡಿದೆ. ಬಣ್ಣ ಗಿಣ್ಣ ಹಾಕಿ ಚೆನ್ನಾಗೇ ಮಾಡಿದ್ದೆ.

ಮೊದಲ ಎರಡು ವಾರ ತುಂಬಿಸಿದೆ. ಆಮೇಲೆ ಐದು ವಾರ ತೆರೆಯಲೇ ಇಲ್ಲ. ಯಾಕೆ ಅಂದ್ರೆ ಅದರಲ್ಲಿ ತುಂಬಿಸೋಕೆ ಅಣ್ಣನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಅದನ್ನ ಕೇಳೋದು ಹೇಗೆ? ಅವರು ನನ್ನ ಅಪ್ಪನಿಗೆ ಆಕ್ಸಿಜನ್ ಸಿಲಿಂಡರ್ ಹುಡುಕಿ ರಾತ್ರಿ ಎರಡು ಗಂಟೆಗೆ ತಂದುಕೊಟ್ಟಿದ್ದವರು. ಅವರ ಹತ್ರ ‘ಅಣ್ಣ, ಸ್ಟೇಟ್‌ಮೆಂಟ್ ಕಳಿಸಿ’ ಅಂತ ಕೇಳಿದ್ರೆ ನನ್ನ ವಿಶ್ವಾಸವೇ ಕಮ್ಮಿ ಅನ್ನಿಸಲ್ವಾ?

ಜುಲೈನಲ್ಲಿ ಒಬ್ಬರು ಆಂಟಿ ಫೋನ್ ಮಾಡಿದ್ರು. ಐದು ಸಾವಿರ ಕೊಟ್ಟಿದ್ದರು, ಎಷ್ಟು ಮನೆಗೆ ಹೋಯ್ತು ಅಂತ ಕೇಳಿದ್ರು ಅಷ್ಟೇ. ಬೈಯಲಿಲ್ಲ, ಅನುಮಾನವೂ ಪಡಲಿಲ್ಲ. ಆ ದಿನ ಕೂತು ಲೆಕ್ಕ ಹಾಕಿದೆ. ಬಂದಿದ್ದು 3,84,100. ಹಂಚಿದ್ದು 272 ಕಿಟ್, ಅಂದ್ರೆ 3,12,800. ಉಳಿದ 71,300 ಎಲ್ಲಿ?

ಅಣ್ಣನ ತಂದೆ ಮೇ ಕೊನೆಯಲ್ಲಿ ಖಾಸಗಿ ಆಸ್ಪತ್ರೆಯಲ್ಲಿದ್ದರು. ಅಡ್ವಾನ್ಸ್ ಕಟ್ಟದೆ ಬೆಡ್ ಕೊಡಲ್ಲ ಅಂದಿದ್ರಂತೆ. ರಾತ್ರಿ ಹನ್ನೊಂದು ಗಂಟೆ, ಕೈಯಲ್ಲಿ ಫೋನ್, ಖಾತೆಯಲ್ಲಿ ದುಡ್ಡು. ವಾಪಸ್ ಹಾಕಿದ್ರಾಯ್ತು ಅಂತ ಕಟ್ಟಿದ್ರು. ತಂದೆ ಉಳಿದ್ರು. ದುಡ್ಡನ್ನ ತಕ್ಷಣ ವಾಪಸ್ ಹಾಕೋಕಾಗಲಿಲ್ಲ.

71,300 ಅಂದ್ರೆ ಸರಿಯಾಗಿ 62 ಕಿಟ್. ನಮ್ಮ ಮೂರನೇ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡಿದ್ದ 62 ಮನೆಗೆ ಅಕ್ಕಿ ಹೋಗಲಿಲ್ಲ. ‘ಫಂಡ್ ಮುಗೀತು’ ಅಂತ ಆ ಮನೆಗಳಿಗೆ ಫೋನ್ ಮಾಡಿ ಹೇಳಿದ್ದು ನಾನೇ. ಲೆಕ್ಕ ನೋಡದೆ ಹೇಳಿದ್ದೆ.

ಅಣ್ಣ 2022ರ ಮಾರ್ಚ್ ಹೊತ್ತಿಗೆ ಕಂತಿನಲ್ಲಿ ಪೂರ್ತಿ ಕಟ್ಟಿದ್ರು. ಅಷ್ಟರಲ್ಲಿ ಕೂಟ ಎರಡು ಭಾಗ ಆಗಿತ್ತು. ಅರ್ಧ ಜನ ಅವರನ್ನ ಕಳ್ಳ ಅಂದ್ರು. ಇನ್ನರ್ಧ ಜನ ನನ್ನನ್ನ, ಅಭಿಷಿಕ್ತನ ವಿರುದ್ಧ ಕೈ ಎತ್ತಿದವಳು ಅಂದ್ರು. ಅವರು ಸಭೆಗೆ ಬರೋದನ್ನೇ ಬಿಟ್ರು. ಕೂಟವೂ ನಿಂತುಹೋಯ್ತು.

ಇದನ್ನ ನಾನು ಬಹಳ ದಿನ ‘ಮೋಸ ಹೋದೆ’ ಅನ್ನೋ ಕಥೆಯಾಗಿ ಹೇಳ್ಕೊಂಡು ತಿರುಗ್ತಿದ್ದೆ. ಆಮೇಲೆ ಒಂದು ವಿಷಯ ಕೊರೆಯೋಕೆ ಶುರುವಾಯ್ತು. ಅವರು ಆ ರಾತ್ರಿ ನಮ್ಮ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ರೆ ನಾವು ಬೇರೆ ದುಡ್ಡೇ ಹೊಂದಿಸಿ ಕೊಡ್ತಿದ್ವಿ. ಹತ್ತು ಜನ ಏಳೇಳು ಸಾವಿರ ಹಾಕಿದ್ರೆ ಮುಗೀತು. ಯಾಕೆ ಕೇಳಲಿಲ್ಲ? ಎಲ್ಲರಿಗೂ ಪ್ರಾರ್ಥನೆ ಮಾಡೋ ಮನುಷ್ಯ ತನಗೆ ಕಷ್ಟ ಅಂತ ಹೇಳೋ ಹಾಗಿರಲಿಲ್ಲ. ನಾವು ಅವರನ್ನ ಅಷ್ಟು ಎತ್ತರದಲ್ಲಿ ಕೂರಿಸಿದ್ವಿ. ನನಗೆ ಲೆಕ್ಕ ಕೇಳೋಕೆ ಆಗಲಿಲ್ಲ, ಅವರಿಗೆ ಸಹಾಯ ಕೇಳೋಕೆ ಆಗಲಿಲ್ಲ. ನಾವಿಬ್ರೂ ‘ಕ್ರಿಸ್ತನಲ್ಲಿ ಜೊತೆಗಾರರು’ ಅಂತ ಕರ್ಕೊಳ್ತಿದ್ವಿ.

ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಹಣದ ಚೀಲ ಇದ್ದದ್ದು ಯೂದನ ಹತ್ರ, ಅದರಿಂದ ಅವನು ತೆಗೀತಿದ್ದ ಅಂತ ಯೋಹಾನನ ಸುವಾರ್ತೆಯಲ್ಲಿ ಬರುತ್ತೆ. ಕಾಮರ್ಸ್ ಓದಿದವಳಿಗೆ ಒಂದು ಪ್ರಶ್ನೆ ಬರುತ್ತೆ ನೋಡಿ. ಅದೇ ಹನ್ನೆರಡು ಜನರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಮತ್ತಾಯನೂ ಇದ್ದ. ಲೆಕ್ಕ ಬರ್ತಿದ್ದವನು. ಅವನು ಕೇಳಿದ್ನೋ, ಸುಮ್ಮನಿದ್ನೋ, ಬರೆದಿಲ್ಲ. ನಾನಂತೂ ಸುಮ್ಮನಿದ್ದೆ.

ಈಗ ಪೌಲನ ಕಡೆ ಬರೋಣ. ಕ್ರೈಸ್ತರಲ್ಲದ ಕೇಳುಗರಿಗೆ ಹೇಳ್ತೀನಿ: ಮೊದಲನೇ ಶತಮಾನದಲ್ಲಿ ಊರೂರು ತಿರುಗಿ ಸಭೆಗಳನ್ನ ಕಟ್ಟಿದ ಮನುಷ್ಯ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗೋಸ್ಕರ ಅವನು ಮಕೆದೋನ್ಯ, ಅಖಾಯ, ಗಲಾತ್ಯ ಕಡೆಗಳಿಂದ ಹಣ ಸಂಗ್ರಹಿಸಿದ. ಆಗ ನೆಫ್ಟ್ ಇಲ್ಲ, ಚೆಕ್ ಇಲ್ಲ. ನಾಣ್ಯದ ಚೀಲ ಹೊತ್ತು ಹಡಗು ಹತ್ತಬೇಕು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಈ ಹಣದ ಏರ್ಪಾಟು ಇದೆ. ನಾವು ಅದನ್ನ ಧಾರಾಳವಾಗಿ ಕೊಡಿ ಅನ್ನೋ ಪ್ರಸಂಗಕ್ಕೆ ಮಾತ್ರ ಉಪಯೋಗಿಸ್ತೀವಿ. ಕಾಣಿಕೆ ಎತ್ತಿದ ಮೇಲೆ ಅಧ್ಯಾಯವನ್ನ ಮುಚ್ಚಿಬಿಡ್ತೀವಿ. ಉಳಿದ ಅರ್ಧ ಓದಿ ನೋಡಿ.

ಅಲ್ಲಿ ಪೌಲ ತೀತನನ್ನ ಕಳಿಸ್ತಾನೆ. ತೀತ ಅವನ ಸ್ವಂತ ಮನುಷ್ಯ. ಅಷ್ಟೇ ಆಗಿದ್ರೆ ನಮ್ಮ ಪೋಸ್ಟರ್ ಥರಾನೇ. ಆದ್ರೆ ಜೊತೆಗೆ ಇನ್ನೊಬ್ಬ ಸಹೋದರ ಹೋಗ್ತಾನೆ, ಎಲ್ಲ ಸಭೆಗಳಲ್ಲಿ ಒಳ್ಳೆ ಹೆಸರಿರೋನು. ಅವನನ್ನ ಆರಿಸಿದ್ದು ಪೌಲ ಅಲ್ಲ, ಸಭೆಗಳು. ಮೂರನೆಯವನೊಬ್ಬ ಇದ್ದಾನೆ, ಹಲವು ಸಲ ಹಲವು ಕೆಲಸದಲ್ಲಿ ಪರೀಕ್ಷೆ ಮಾಡಿ ನೋಡಿದವನು. ಕಾರಣವನ್ನೂ ಪೌಲ ಮುಚ್ಚುಮರೆ ಇಲ್ಲದೆ ಹೇಳ್ತಾನೆ: ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಸರಿಯಾಗಿದ್ರೆ ಸಾಲದು, ಜನರ ಮುಂದೆಯೂ ಸರಿಯಾಗಿರಬೇಕು ಅನ್ನೋ ಅರ್ಥದಲ್ಲಿ. ಅಪೊಸ್ತಲರ ಕೃತ್ಯಗಳು ಇಪ್ಪತ್ತನೇ ಅಧ್ಯಾಯದಲ್ಲಿ ಅವನ ಜೊತೆ ಪ್ರಯಾಣ ಹೊರಟ ಏಳು ಜನರ ಹೆಸರಿದೆ. ಬೆರೋಯದ ಒಬ್ಬ, ಥೆಸಲೋನಿಕದ ಇಬ್ಬರು, ದೆರ್ಬೆಯ ಒಬ್ಬ, ತಿಮೊಥೆ, ಆಸ್ಯ ಸೀಮೆಯ ಇಬ್ಬರು. ಊರಿಗೊಬ್ಬರ ಹಾಗೆ. ಆ ಹಣದ ಜೊತೆ ಹೊರಟ ಪ್ರತಿನಿಧಿಗಳು ಇವರೇ ಅಂತ ಅನೇಕ ಪಂಡಿತರ ಅಭಿಪ್ರಾಯ.

‘ದೇವರಿಗೆ ಎಲ್ಲ ಗೊತ್ತು’ ಅನ್ನೋ ಮಾತನ್ನ ನಮ್ಮ ಸಭೆಗಳಲ್ಲಿ ಲೆಕ್ಕ ಕೇಳಿದವರ ಬಾಯಿ ಮುಚ್ಚಿಸೋಕೆ ಬಳಸೋದನ್ನ ನಾನು ಎಷ್ಟು ಸಲ ಕೇಳಿದ್ದೀನೋ. ಪೌಲನಿಗೂ ಅದು ಗೊತ್ತಿತ್ತು. ಆದ್ರೂ ಮೂವರನ್ನ ಕಳಿಸಿದ.

ಇನ್ನೂ ಹಿಂದೆ ಹೋದ್ರೆ, ಮೋಶೆಯ ಮಾವ ಇತ್ರೋ. ಅಳಿಯ ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸೋದನ್ನ ನೋಡಿ, ಹೀಗೆ ಮಾಡಿದ್ರೆ ನೀನೂ ಬಳಲ್ತೀಯ, ಜನಾನೂ ಬಳಲ್ತಾರೆ ಅಂತಾನೆ. ಜೊತೆಗೆ ಯಾರನ್ನ ಇಟ್ಕೋಬೇಕು ಅಂತಲೂ ಹೇಳ್ತಾನೆ: ಸಮರ್ಥರು, ದೇವರಿಗೆ ಹೆದರೋರು, ನಂಬಿಗಸ್ತರು, ಲಂಚ ಕಂಡ್ರೆ ಆಗದವರು. ಚೆನ್ನಾಗಿ ಮಾತಾಡೋರು ಅಂತ ಪಟ್ಟಿಯಲ್ಲಿಲ್ಲ. ಹಾಡೋರು ಅಂತಲೂ ಇಲ್ಲ.

ಇತ್ತೀಚಿನ ಕಾಲದ ಒಂದು ಉದಾಹರಣೆ. 1948ರ ನವೆಂಬರ್, ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಅನ್ನೋ ಊರು. ಬಿಲ್ಲಿ ಗ್ರಹಾಂ ಅಲ್ಲಿ ಕೂಟಗಳನ್ನ ನಡೆಸ್ತಿದ್ರು. ಅವರಿಗೆ ಆಗತಾನೆ ಮೂವತ್ತು ತುಂಬಿತ್ತು. ಜೊತೆಯಲ್ಲಿದ್ದ ಕ್ಲಿಫ್ ಬ್ಯಾರೋಸ್‌ಗೆ ಇಪ್ಪತ್ತೈದು. ಗ್ರೇಡಿ ವಿಲ್ಸನ್, ಜಾರ್ಜ್ ಬೆವರ್ಲಿ ಶೇ ಕೂಡ ಇದ್ರು. ಗ್ರಹಾಂ ಇವರಿಗೆ ಒಂದು ಕೆಲಸ ಕೊಟ್ರು: ನಿಮ್ಮ ನಿಮ್ಮ ರೂಮಿಗೆ ಹೋಗಿ, ಒಂದು ಗಂಟೆ ಕೂತು, ಸುವಾರ್ತಿಕರು ಯಾವುದರಲ್ಲಿ ಬೀಳ್ತಾರೆ ಅಂತ ಪಟ್ಟಿ ಮಾಡಿ. ವಾಪಸ್ ಬಂದಾಗ ಎಲ್ಲರ ಪಟ್ಟಿಯೂ ಹೆಚ್ಚು ಕಮ್ಮಿ ಒಂದೇ ಇತ್ತು. ದುಡ್ಡು, ಲೈಂಗಿಕ ಅನೈತಿಕತೆ, ಸ್ಥಳೀಯ ಸಭೆಗಳನ್ನ ಹಳಿಯೋದು, ಬಂದ ಜನರ ಸಂಖ್ಯೆ ಉಬ್ಬಿಸೋದು. ಈ ನಾಲ್ಕರಲ್ಲಿ ನಾವು ಹೀಗಿರ್ತೀವಿ ಅಂತ ಅವರು ಪರಸ್ಪರ ಮಾತು ಕೊಟ್ಟುಕೊಂಡ್ರು.

ನನಗೆ ಇಷ್ಟವಾಗೋದು ಆ ಸಮಯ. ಅವರ ಮೇಲೆ ಆಗ ಯಾವ ಆರೋಪವೂ ಇರಲಿಲ್ಲ. ಎರಡು ವರ್ಷ ಆದ ಮೇಲೆ, 1950ರಲ್ಲಿ, ಅಟ್ಲಾಂಟಾದ ಒಂದು ಪತ್ರಿಕೆ ಎರಡು ಫೋಟೋಗಳನ್ನ ಪಕ್ಕಪಕ್ಕದಲ್ಲಿ ಹಾಕಿತು. ಒಂದರಲ್ಲಿ ಕಾಣಿಕೆಯ ದುಡ್ಡು ತುಂಬಿದ ಚೀಲ, ಇನ್ನೊಂದರಲ್ಲಿ ನಗ್ತಾ ಕೈ ಬೀಸೋ ಗ್ರಹಾಂ. ಗ್ರಹಾಂ ಅದನ್ನ ಓದಿ ನೊಂದ್ಕೊಂಡು, ಕೂಟದ ಕೊನೆಯಲ್ಲಿ ಪ್ರಸಂಗಿಗೆ ಅಂತ ಎತ್ತೋ ಕಾಣಿಕೆಯನ್ನೇ ಬಿಟ್ಟು, ಸಂಸ್ಥೆಯಿಂದ ನಿಗದಿತ ಸಂಬಳ ತಗೊಳ್ಳೋಕೆ ಶುರು ಮಾಡಿದ್ರು. ಸಂಬಳ ಅಂದ್ರೆ ಏನು? ಬೇರೆ ಯಾರೋ ನಿಗದಿ ಮಾಡೋ ಮೊತ್ತ, ಪುಸ್ತಕದಲ್ಲಿ ಒಂದು ಸಾಲು. ಬೇಜಾರಿನ ಮಾತಿಗೆ ಎಷ್ಟು ಬೇಜಾರಿನ ಪರಿಹಾರ ನೋಡಿ. ಆದ್ರೆ ಕೆಲಸ ಮಾಡ್ತು.

ಉಲ್ಟಾ ಉದಾಹರಣೆಯೂ ಇದೆ, ಹೇಳೋಕೆ ಕಷ್ಟ. ರವಿ ಜಕರಾಯಸ್. ಮದ್ರಾಸಿನಲ್ಲಿ ಹುಟ್ಟಿ ಜಗತ್ತೆಲ್ಲ ಹೆಸರು ಮಾಡಿದವರು. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಅವರ ಪುಸ್ತಕ ಇದೆ, ನಮ್ಮ ಮನೆಯಲ್ಲೂ ಇದೆ. 2020ರ ಮೇನಲ್ಲಿ ತೀರಿಕೊಂಡ್ರು. 2021ರ ಫೆಬ್ರವರಿಯಲ್ಲಿ ಅವರ ಸಂಸ್ಥೆಯೇ ನೇಮಿಸಿದ ವಕೀಲರ ತನಿಖಾ ವರದಿ ಹೊರಬಂತು. ಹಲವು ಹೆಂಗಸರ ಜೊತೆ ಅವರು ನಡ್ಕೊಂಡ ರೀತಿ ಅದರಲ್ಲಿತ್ತು. ಆಡಳಿತ ಮಂಡಳಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳ್ತು. ಮೊದಲೇ ದೂರು ಬಂದಾಗ ಹೆಂಗಸಿನ ಮಾತನ್ನ ಬಿಟ್ಟು ಅವರ ಮಾತನ್ನೇ ನಂಬಿದ್ದಕ್ಕೂ ಸೇರಿ. ಆ ಮಂಡಳಿಯವರೂ ಒಳ್ಳೆಯವರೇ ಇರಬಹುದು. ನಮ್ಮ ಹತ್ತು ಜನರೂ ಒಳ್ಳೆಯವರೇ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದ್ರೆ ಜೊತೆಗಾರ ಅಂದ್ರೆ ಆಡಿಟರಾ ಅಂತ ನೀವು ಕೇಳಬಹುದು. ಅಲ್ಲ. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ನಿಮಗೆ ಗೊತ್ತು, ಶಾಲೆಯಲ್ಲಿ ಒಂದು ಮಾರ್ಕಿನ ಪ್ರಶ್ನೆ. ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಅಷ್ಟು ಜನಕ್ಕೆ ಗೊತ್ತಿಲ್ಲ. ಇಬ್ಬರೂ ಬಾಸೆಲ್ ಮಿಷನ್ನಿನವರು, ಸಂಬಂಧಿಕರೂ ಹೌದು, ಕನ್ನಡದ ಕೆಲಸದಲ್ಲಿ ಜೊತೆ. ವೈಗ್ಲೆ 1855ರಲ್ಲಿ ತೀರಿಕೊಂಡ್ರು. ಆಮೇಲೆ ಮೋಗ್ಲಿಂಗ್ ವೈಗ್ಲೆಯ ಹೆಂಡತಿ ಪೌಲೀನರನ್ನ ಮದುವೆಯಾಗಿ, ಗೆಳೆಯನ ಮಕ್ಕಳಿಗೆ ತಂದೆಯಾದ್ರು. ಇದನ್ನ ಯಾವ ಎಕ್ಸೆಲ್ ಶೀಟಿನಲ್ಲಿ ಬರೀತೀರಾ?

ನಮ್ಮ ಬಳ್ಳಾರಿ ರಸ್ತೆಯಲ್ಲೇ ಒಂದು ಕಥೆ ಇದೆ. ಹೆಬ್ಬಾಳದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆ. ನಮ್ಮ ಕಡೆಯವರಲ್ಲಿ ಅರ್ಧ ಜನ ಅಲ್ಲೇ ಹುಟ್ಟಿರೋದು. 1973ರಲ್ಲಿ ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಮಿಷನ್ನಿನವರು ಶುರು ಮಾಡಿದ್ದು. ಮುಂದಿನ ವರ್ಷ ರೆಬೆಕಾ ನೇಲರ್ ಅನ್ನೋ ಸರ್ಜನ್ ಟೆಕ್ಸಾಸಿನಿಂದ ಬಂದು ದಶಕಗಳ ಕಾಲ ಇಲ್ಲೇ ದುಡಿದ್ರು, ಅಲ್ಲಿನ ನರ್ಸಿಂಗ್ ಶಾಲೆಗೆ ಅವರದ್ದೇ ಹೆಸರು. ಹೊರದೇಶದವರು ಎಷ್ಟು ದಿನ ನಡೆಸೋಕಾಗುತ್ತೆ? ಯಾರ ಕೈಗೆ ಕೊಡೋದು ಅನ್ನೋ ಪ್ರಶ್ನೆ ಬಂದೇ ಬರುತ್ತೆ. 1989ರಲ್ಲಿ ಆಡಳಿತವನ್ನ ವೆಲ್ಲೂರಿನ ಸಿ.ಎಂ.ಸಿ. ವಹಿಸಿಕೊಂಡಿತು. ವೆಲ್ಲೂರಿನ ಸಂಸ್ಥೆ ಯಾವುದೋ ಒಂದು ಮನೆತನದ್ದಲ್ಲ, ಒಬ್ಬ ಪಾಸ್ಟರದ್ದೂ ಅಲ್ಲ. ಹಲವು ಸಭೆಗಳ ಪ್ರತಿನಿಧಿಗಳು ಕೂರೋ ಕೌನ್ಸಿಲ್ ಅದನ್ನ ನಡೆಸುತ್ತೆ. ಪೌಲನ ಏಳು ಜನ ನೆನಪಾಗ್ತಾರೆ ನನಗೆ. ನಮ್ಮೂರಲ್ಲಿ ಎಷ್ಟೋ ಸೇವೆಗಳು ಸಂಸ್ಥಾಪಕನಿಂದ ಮಗನಿಗೆ, ಮಗನಿಂದ ಸೊಸೆಗೆ ಹೋಗ್ತಾ ಇರೋದನ್ನ ನೋಡಿ ನೋಡಿ, ಈ ಆಸ್ಪತ್ರೆಯ ಮುಂದೆ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನನಗೆ ಒಂದು ಥರ ಸಮಾಧಾನ.

ಸರಿ, ನನ್ನ ಒಂದು ವಾರ. ಗೆಳೆಯರಿಗೆ ಏನು ಹೇಳಿದೆ?

ಮೊದಲು, ಟ್ರಸ್ಟ್ ಹೆಸರಲ್ಲಿ ಪ್ಯಾನ್, ಅದರ ಮೇಲೆ ಖಾತೆ, ಅದಕ್ಕೆ ಇಬ್ಬರ ಸಹಿ. ಇಬ್ಬರಲ್ಲಿ ಒಬ್ಬರು ಅಂತಲ್ಲ, ಇಬ್ಬರೂ. ಬ್ಯಾಂಕ್ ಫಾರ್ಮಿನಲ್ಲಿ ಟಿಕ್ ಹಾಕುವಾಗ ಇವೆರಡೂ ಅಕ್ಕಪಕ್ಕ ಇರ್ತವೆ, ನೋಡಿ ಹಾಕಿ. ಇಬ್ಬರೂ ಸಹಿ ಮಾಡಬೇಕಾದ ಖಾತೆಯಿಂದ ಒಬ್ಬರೇ ಯುಪಿಐನಲ್ಲಿ ದುಡ್ಡು ಕಳಿಸೋಕೆ ಆಗಲ್ಲ. ಅದು ಕಿರಿಕಿರಿ ಅಂತ ನನ್ನ ಗೆಳೆಯ ಅಂದ. ಹೌದು, ಕಿರಿಕಿರಿಯೇ. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆ ಕೌಂಟರಿನಲ್ಲಿ ನಿಂತಿರೋ ಮನುಷ್ಯನನ್ನ ಆ ಕಿರಿಕಿರಿ ಕಾಪಾಡುತ್ತೆ. ಸಹಿ ಹಾಕೋ ಇಬ್ಬರು ಗಂಡ ಹೆಂಡತಿ ಆಗಿರಬಾರದು, ಅಣ್ಣ ತಮ್ಮ ಆಗಿರಬಾರದು. ತಿಂಗಳ ಐದನೇ ತಾರೀಖು ಸ್ಟೇಟ್‌ಮೆಂಟ್ ಗ್ರೂಪಿಗೆ ಬರಬೇಕು. ಯಾರೂ ಕೇಳೋ ಮುಂಚೆ ಬಂದ್ರೆ, ಕೇಳಿದವರು ಕೆಟ್ಟವರಾಗಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿದೆ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ನಾಳೆ ಅರ್ಜೆಂಟಾಗಿ ಎಪ್ಪತ್ತು ಸಾವಿರ ಬೇಕಾದ್ರೆ ನನ್ನನ್ನ ಕೇಳ್ತೀರಾ? ಇಬ್ಬರೂ ಸುಮ್ಮನಾದ್ರು. ಒಬ್ಬ ಸ್ವಲ್ಪ ಹೊತ್ತಾದ ಮೇಲೆ, ತನಗೆ ಕ್ರೆಡಿಟ್ ಕಾರ್ಡ್ ಸಾಲ ಇದೆ ಅಂತ ಹೇಳ್ದ. ಮನೆಯಲ್ಲಿ ಗೊತ್ತಿಲ್ಲವಂತೆ. ಎಷ್ಟು ಅಂತ ಇಲ್ಲಿ ಹೇಳಲ್ಲ. ಆವತ್ತು ಟ್ರಸ್ಟ್ ವಿಷಯ ಅಲ್ಲಿಗೇ ಬಿಟ್ವಿ, ಅವನ ಸಾಲದ ಲೆಕ್ಕ ಹಾಕಿದ್ವಿ. ಅವನು ಸಾಲ ತೀರಿಸೋ ತನಕ ಸಹಿ ಹಾಕಲ್ಲ ಅಂತ ಅವನೇ ಹೇಳ್ದ, ಪಾಠ ಹೇಳ್ತಾನೆ. ಅವನ ಮೇಲೆ ನನಗೆ ನಂಬಿಕೆ ಬಂದದ್ದು ಆ ಸಂಜೆಯೇ.

ಹಾಗಾದ್ರೆ ಎರಡನೇ ಸಹಿ ಯಾರದ್ದು ಅನ್ನೋ ಪ್ರಶ್ನೆ ಉಳೀತು. ನಾನು ಅಣ್ಣನ ಹೆಸರು ಹೇಳಿದೆ.

ನಿಮಗೆ ಆಶ್ಚರ್ಯ ಆಗ್ತಿರಬಹುದು, ಅವರಿಗೂ ಆಯ್ತು. ಪೌಲ ಮತ್ತು ಬಾರ್ನಬ ಜಗಳ ಆಡಿದ್ದು ಇಂಥದ್ದೇ ವಿಷಯಕ್ಕೆ. ಮಾರ್ಕ ಅನ್ನೋ ಹುಡುಗ ಮೊದಲ ಪ್ರಯಾಣದಲ್ಲಿ ಅರ್ಧಕ್ಕೇ ಬಿಟ್ಟು ಹೋಗಿದ್ದ. ಎರಡನೇ ಸಲ ಕರ್ಕೊಂಡು ಹೋಗೋಣ ಅಂತ ಬಾರ್ನಬ, ಬೇಡವೇ ಬೇಡ ಅಂತ ಪೌಲ. ಜೋರು ಮಾತಾಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದ್ರು. ವರ್ಷಗಳಾದ ಮೇಲೆ, ಪೌಲ ಸೆರೆಮನೆಯಿಂದ ತಿಮೊಥೆಗೆ ಬರೆಯೋ ಪತ್ರದಲ್ಲಿ, ಬರುವಾಗ ಮಾರ್ಕನನ್ನ ಕರ್ಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರ್ತಾನೆ ಅಂತಾನೆ. ಹಾಗಂತ ಪೌಲ ಮೊದಲ ಸಲ ಬೇಡ ಅಂದಿದ್ದು ತಪ್ಪು ಅಂತ ನನಗನ್ನಿಸಲ್ಲ. ನಡುವೆ ಮಾರ್ಕ ಎಷ್ಟು ದೂರ ನಡೆದಿದ್ದ ಅನ್ನೋದು ಮುಖ್ಯ. ಅಣ್ಣ ಎಂಟು ತಿಂಗಳು, ತಪ್ಪದೆ ಕಂತು ಕಟ್ಟಿದ್ರು. ಒಂದೊಂದು ಕಂತಿನ ಸ್ಕ್ರೀನ್‌ಶಾಟೂ ನನಗೆ ಕಳಿಸಿದ್ರು. ನಾನು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ಫೋನ್ ಮಾಡಿದೆ. ಈಗ ಪೀಣ್ಯದಲ್ಲಿ ಕೆಲಸ ಮಾಡ್ತಾರೆ. ಮೊದಲು ಐದು ನಿಮಿಷ ಇಬ್ಬರೂ ಟ್ರಾಫಿಕ್ ಬಗ್ಗೆಯೇ ಮಾತಾಡಿದ್ವಿ. ಆಮೇಲೆ ‘ಅಣ್ಣ, ಆವತ್ತು ನಾನು ಕೇಳಬೇಕಿತ್ತು, ಕೇಳಲಿಲ್ಲ’ ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆ 62 ಮನೆಯ ಪಟ್ಟಿ ಇನ್ನೂ ಇದೆಯಾ ಅಂತ ಕೇಳಿದ್ರು. ಇದೆ ಅಂದೆ. ಸಹಿ ವಿಷಯ ಹೇಳಿದಾಗ ಬೇಡ ಅಂದ್ರು. ‘ಸಹಿ ಹಾಕಲ್ಲ ಕಣಮ್ಮಾ. ಆದ್ರೆ ತಿಂಗಳಿಗೊಂದು ಸಲ ಬಂದು ಪುಸ್ತಕ ನೋಡ್ತೀನಿ. ಎಲ್ಲಿ ಮುಚ್ಚಿಡಬಹುದು ಅಂತ ನನಗಿಂತ ಚೆನ್ನಾಗಿ ನಿನಗೆ ಗೊತ್ತಿಲ್ಲ.’

ಎರಡನೇ ಸಹಿಗೆ ಆ ಐದು ಸಾವಿರದ ಆಂಟಿಯನ್ನ ಕೇಳಿದ್ದೀವಿ. ನಿವೃತ್ತ ಟೀಚರ್ ಅವರು. ಕನ್ನಡಕ ಹಾಕ್ಕೊಂಡು ಟ್ರಸ್ಟ್ ಡೀಡಿನ ಪ್ರತಿ ಪುಟ ಓದ್ತಿದ್ದಾರೆ, ಇನ್ನೂ ಒಪ್ಪಿಲ್ಲ. ಮೊನ್ನೆ ಫೋನ್ ಮಾಡಿ ಆರನೇ ಪುಟದಲ್ಲಿ ಕಾಗುಣಿತ ತಪ್ಪಿದೆ ಅಂದ್ರು.

ಈ ಶನಿವಾರ ಸಂಜೆ ಆರಕ್ಕೆ ಮತ್ತಿಕೆರೆಯಲ್ಲಿ ಎಲ್ಲರೂ ಸೇರ್ತಿದ್ದೀವಿ. ಅಣ್ಣ ಈಗತಾನೆ ಮೆಸೇಜ್ ಹಾಕಿದ್ದಾರೆ, ಹಳೇ ಎಕ್ಸೆಲ್ ಶೀಟೂ ತಗೊಂಡು ಬಾ ಅಂತ. ಬಣ್ಣ ಹಾಕಿರೋದೇ ತರ್ತೀನಿ ಅಂತ ಉತ್ತರ ಕೊಟ್ಟಿದ್ದೀನಿ.

ಮುಂದಿನ ವಾರ ಮತ್ತೆ ಇಎಂಐ ಬಗ್ಗೆ ಮಾತಾಡೋಣ. ಬರ್ತೀನಿ.